ಲಿಸ್ಬನ್ ಸುತ್ತಿ ಬಂದ ಹಂಪಿ

ಹಂಪಿಯ ಬಜಾರಿನಲ್ಲಿ ಮುತ್ತುರತ್ನದ ವ್ಯಾಪಾರ, ಮಹಾನವಮಿ ದಿಬ್ಬದ ಮುಂದೆ ಆನೆ ಕುದುರೆಗಳ ಸಾಲು. ಗೈಡುಗಳು ಹೇಳುವ ಈ ವರ್ಣನೆಯ ಬಹುಪಾಲು ಇಬ್ಬರು ಪೋರ್ಚುಗೀಸರದು. ಡೊಮಿಂಗೊ ಪಾಯಸ್ 1520ರ ಸುಮಾರಿಗೆ ಕೃಷ್ಣದೇವರಾಯನ ಪಟ್ಟಣ ಕಂಡವನು. ಫೆರ್ನಾವೊ ನ್ಯೂನಿಜ್ ಅಚ್ಯುತರಾಯನ ಕಾಲದ ಕುದುರೆ ವ್ಯಾಪಾರಿ. ಅವರು ಬರೆದದ್ದು ಮುನ್ನೂರೈವತ್ತು ವರ್ಷಕ್ಕೂ ಹೆಚ್ಚು ಕಾಲ ಅಚ್ಚಾಗದೆ ಇತ್ತು. ಅಚ್ಚಾದದ್ದು ಯಾವಾಗ, ಯಾತಕ್ಕೆ ಎಂದು ಕೇಳಿದರೆ ಕಥೆ ತುಂಗಭದ್ರೆ ಬಿಟ್ಟು ಆಫ್ರಿಕಕ್ಕೆ ಹೋಗುತ್ತದೆ. ಹೊಸಪೇಟೆಯ ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಹೇಳಿ ನಿವೃತ್ತನಾದ ನನಗೆ ಪಠ್ಯದಲ್ಲಿಲ್ಲದ ಈ ಭಾಗವೇ ಹೆಚ್ಚು ರುಚಿ.

ಯುರೋಪಿನ ದೇಶಗಳು ಆಫ್ರಿಕವನ್ನು ಹರಿದು ಹಂಚಿಕೊಳ್ಳುತ್ತಿದ್ದ ಕಾಲ. ಅಂಗೋಲದಿಂದ ಮೊಜಾಂಬಿಕ್‌ವರೆಗಿನ ನೆಲವೆಲ್ಲ ತನ್ನದಾಗಬೇಕು ಎಂದು ಪೋರ್ಚುಗಲ್ಲಿನ ಆಸೆ. 1890ರ ಜನವರಿಯಲ್ಲಿ ಬ್ರಿಟನ್ ಅಂತಿಮ ಎಚ್ಚರಿಕೆ ಕೊಟ್ಟಿತು: ನಡುವಿನ ನೆಲದಿಂದ ಸೈನ್ಯ ತೆಗೆಯಿರಿ. ಪೋರ್ಚುಗಲ್ ತೆಗೆಯಿತು. ಆ ಅವಮಾನ ಲಿಸ್ಬನ್ನಿನ ಬೀದಿಗಳಲ್ಲಿ ದೇಶಾಭಿಮಾನವಾಗಿ ಉಕ್ಕಿತು. ಈಗಿನ ಬಲ ಸಾಲದಾದಾಗ ಹಳೆಯ ಬಲವನ್ನು ನೆನೆಯುವುದು ಎಲ್ಲ ಸೋತವರ ಪದ್ಧತಿ. ವಾಸ್ಕೊ ಡ ಗಾಮ ಕಲ್ಲಿಕೋಟೆ ಮುಟ್ಟಿದ ನಾನೂರನೆಯ ವರ್ಷದ ಆಚರಣೆಗೆ ಸಿದ್ಧತೆ ನಡೆಯಿತು. ಪಾಯಸ್, ನ್ಯೂನಿಜರ ಹಸ್ತಪ್ರತಿ ಪ್ಯಾರಿಸ್ಸಿನ ಗ್ರಂಥಾಲಯದಲ್ಲಿತ್ತು. ಡೇವಿಡ್ ಲೋಪೆಸ್ ಎಂಬ ವಿದ್ವಾಂಸ ಆ ಸಂಭ್ರಮದ ಭಾಗವಾಗಿಯೇ 1897ರಲ್ಲಿ ಅದನ್ನು ಲಿಸ್ಬನ್ನಿನಲ್ಲಿ ಅಚ್ಚು ಹಾಕಿಸಿದ. ಬಿಸ್ನಗದ, ಅಂದರೆ ವಿಜಯನಗರದ, ಅರಸರ ಹೆಸರಲ್ಲಿ ಪೋರ್ಚುಗೀಸರು ಎತ್ತಿ ಹಿಡಿದದ್ದು ತಮ್ಮ ಗೋವೆಯ ಕಾಲವನ್ನು.

ಆ ಪುಸ್ತಕವನ್ನು ಇಂಗ್ಲಿಷಿಗೆ ತಂದವನು ರಾಬರ್ಟ್ ಸೆವೆಲ್, ಬಳ್ಳಾರಿಯಲ್ಲಿ ಕಲೆಕ್ಟರಾಗಿದ್ದವನು. 1800ರಲ್ಲಿ ನಿಜಾಮ ಬಿಟ್ಟುಕೊಟ್ಟ ಈ ಸೀಮೆಯ ಶಾಸನ, ದಾಖಲೆಗಳ ಜತೆ ಪೋರ್ಚುಗೀಸರ ಮಾತನ್ನು ಹೊಂದಿಸಿ 1900ರಲ್ಲಿ ವಿಜಯನಗರದ ಇತಿಹಾಸ ಪ್ರಕಟಿಸಿದ. ತನ್ನ ಸಾಮ್ರಾಜ್ಯ ಭೂಮಿಯ ಕಾಲು ಭಾಗಕ್ಕೆ ಹಬ್ಬುತ್ತಿದ್ದಾಗ ಅದರ ಒಬ್ಬ ಅಧಿಕಾರಿ ಬಿದ್ದುಹೋದ ಇನ್ನೊಂದು ಸಾಮ್ರಾಜ್ಯದ ಲೆಕ್ಕ ಬರೆದ.

ಇತ್ತ ವೈಸರಾಯ್ ಲಾರ್ಡ್ ಕರ್ಜನ್ 1902ರಲ್ಲಿ ಪುರಾತತ್ವ ಇಲಾಖೆಗೆ ಮರುಜೀವ ಕೊಟ್ಟ, 1904ರಲ್ಲಿ ಪ್ರಾಚೀನ ಸ್ಮಾರಕಗಳ ರಕ್ಷಣೆಯ ಕಾಯ್ದೆ ತಂದ. ಮರುವರ್ಷ ಅದೇ ಕರ್ಜನ್ ಬಂಗಾಳವನ್ನು ಎರಡಾಗಿ ಒಡೆದ. ಕಲ್ಲು ಕೂಡಿಸಿದ ಕೈಯೇ ಜನರನ್ನು ಬಿಡಿಸಿತು.

1905ರಲ್ಲೇ ಧಾರವಾಡದ ಆಲೂರು ವೆಂಕಟರಾಯರು ಹಂಪಿಗೆ ಬಂದರು. ಪುಣೆಯಲ್ಲಿ ಓದಿ, ತಿಲಕರ ಪ್ರಭಾವಕ್ಕೆ ಒಳಗಾಗಿದ್ದ ಇಪ್ಪತ್ತೈದರ ಆಸುಪಾಸಿನ ತರುಣ. ಆಗಿನ ನಮ್ಮ ಸೀಮೆಯ ನಕಾಶೆ ನೋಡಿದರೆ ಅವರ ಸಂಕಟ ತಿಳಿಯುತ್ತದೆ. ಹಂಪಿ, ಹೊಸಪೇಟೆ, ಕಂಪ್ಲಿ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದವು. ಹರಿಗೋಲು ಹತ್ತಿ ಹೊಳೆ ದಾಟಿದರೆ ಆನೆಗೊಂದಿ, ಅದು ನಿಜಾಮನ ಸೀಮೆ. ಅಲ್ಲಿದ್ದ ರಾಜಮನೆತನ ವಿಜಯನಗರದ ವಂಶ ಎಂದು ಹೇಳಿಕೊಂಡು ಇಂಗ್ಲಿಷರ ಪಿಂಚಣಿ ಪಡೆಯುತ್ತಿತ್ತು. ದಕ್ಷಿಣಕ್ಕೆ ಗುಡ್ಡ ದಾಟಿದರೆ ಸಂಡೂರು, ಘೋರ್ಪಡೆ ಮರಾಠರ ಸಂಸ್ಥಾನ. ವೆಂಕಟರಾಯರ ಸ್ವಂತ ಊರು ಬೊಂಬಾಯಿ ಪ್ರಾಂತ್ಯದಲ್ಲಿತ್ತು. ಮನೆಯಲ್ಲಿ ಕನ್ನಡ ಆಡುವ ಜನ ಕಚೇರಿಗೆ ಹೋದರೆ ತೆಲುಗು, ಮರಾಠಿ, ಉರ್ದು, ಇಂಗ್ಲಿಷುಗಳ ಎದುರು ಕೈಕಟ್ಟಿ ನಿಲ್ಲಬೇಕಿತ್ತು. ಆ ಹಾಳು ಕಲ್ಲುಗಳ ನಡುವೆ ಕರ್ನಾಟಕದ ಕಲ್ಪನೆ ತಮಗೆ ಹೊಳೆದದ್ದನ್ನು ಅವರು ಮುಂದೆ ಬರೆದುಕೊಂಡರು. 1907ರಲ್ಲಿ ವಿದ್ಯಾರಣ್ಯರ ಚರಿತ್ರೆ, 1917ರಲ್ಲಿ ‘ಕರ್ನಾಟಕ ಗತವೈಭವ’ ಹೊರಬಂದವು.

1917 ನನಗೆ ವಿಚಿತ್ರ ವರ್ಷವಾಗಿ ಕಾಣುತ್ತದೆ. ಪುರಾತತ್ವ ಇಲಾಖೆಯ ಲಾಂಗ್‌ಹರ್ಸ್ಟ್ ಹಂಪಿಯ ಅವಶೇಷಗಳ ಮೇಲೆ ಪುಸ್ತಕ ತಂದದ್ದು ಆಗಲೇ. ಬಳ್ಳಾರಿಯ ಶಿಬಿರದಲ್ಲಿ ಮೊದಲ ಮಹಾಯುದ್ಧದ ತುರ್ಕಿ ಸೆರೆಯಾಳುಗಳಿದ್ದರು, ರೆಡ್‌ಕ್ರಾಸ್ ಪ್ರತಿನಿಧಿಗಳು ಅದನ್ನು ನೋಡಲು ಬಂದದ್ದೂ ಆಗಲೇ. ಆರು ಶತಮಾನಗಳ ಆಟೊಮನ್ ಸಾಮ್ರಾಜ್ಯ ಕೊನೆಯುಸಿರು ಎಳೆಯುತ್ತಿತ್ತು, ರಷ್ಯದ ಜಾರ್ ಸಿಂಹಾಸನ ಬಿಟ್ಟಿದ್ದ. ಪೋರ್ಚುಗಲ್ಲಿನ ಅರಸೊತ್ತಿಗೆ 1910ರಲ್ಲೇ ಮುಗಿದಿತ್ತು, ಗತಕಾಲದ ಉತ್ಸವ ಅದನ್ನು ಉಳಿಸಲಿಲ್ಲ. ಯುದ್ಧ ಗೆದ್ದ ಇಂಗ್ಲಿಷರು ಇನ್ನು ಮೂವತ್ತು ವರ್ಷ ಇಲ್ಲಿದ್ದು ಹೋದರು. ಬಳ್ಳಾರಿ 1953ರಲ್ಲಿ ಮೈಸೂರು ರಾಜ್ಯ ಸೇರಿತು, 1956ರಲ್ಲಿ ಹೊಳೆಯ ಎರಡೂ ದಡ ಒಂದೇ ರಾಜ್ಯವಾಯಿತು.

ಹೀಗೆ ಒಬ್ಬರ ಅವಮಾನ ಇನ್ನೊಬ್ಬರ ಪಾಂಡಿತ್ಯಕ್ಕೆ ದಾರಿಯಾಗಿ, ಆ ಪಾಂಡಿತ್ಯ ಮೂರನೆಯವರ ಹಕ್ಕಿಗೆ ಆಧಾರವಾಯಿತು. ನಮ್ಮ ಏಕೀಕರಣ ಅದರಿಂದ ಗೆದ್ದದ್ದಕ್ಕೆ ನನಗೆ ಸಂತೋಷವೇ. ತಕರಾರು ಇರುವುದು ವೈಭವದ ಕಥೆ ಯಾವ ಪುಟಗಳನ್ನು ಹಾರಿಸುತ್ತದೆ ಎಂಬುದರ ಬಗ್ಗೆ.

ಹೊಸಪೇಟೆಯಿಂದ ಸಂಡೂರಿನ ಕಡೆ ಹೊರಟರೆ ಎರಡು ಗುಡ್ಡಗಳ ನಡುವೆ ಕೃಷ್ಣದೇವರಾಯನ ಕಾಲದ ದೊಡ್ಡ ಏರಿ ಸಿಗುತ್ತದೆ. ಕೆರೆ ಬತ್ತಿ ಹೊಲವಾಗಿದೆ. ಅದರ ಕೆಲಸದಲ್ಲಿ ಹದಿನೈದು ಇಪ್ಪತ್ತು ಸಾವಿರ ಜನ ದುಡಿಯುವುದನ್ನು ಪಾಯಸ್ ಕಂಡಿದ್ದ. ಗೋವೆಯಿಂದ ಬಂದ ಪೋರ್ಚುಗೀಸ್ ಕಲ್ಲುಕೆಲಸದವನೂ ಅಲ್ಲಿದ್ದನೆಂದು ನ್ಯೂನಿಜ್ ಬರೆಯುತ್ತಾನೆ. ಬೆಳೆಯ ಹತ್ತು ಪಾಲಿನಲ್ಲಿ ಒಂಬತ್ತು ಒಡೆಯರಿಗೆ ಹೋಗುತ್ತದೆ ಎಂದು ರೈತರ ಪಾಡು ದಾಖಲಿಸಿದವನೂ ನ್ಯೂನಿಜನೇ. ಅವನ ಲೆಕ್ಕ ತುಸು ಹೆಚ್ಚೇ ಇರಬಹುದು. ಆದರೂ ಮುತ್ತುರತ್ನದ ಬಗ್ಗೆ ಅವನನ್ನು ನಂಬುವವರು ತೆರಿಗೆಯ ಬಗ್ಗೆ ಕಿವಿ ಮುಚ್ಚಿಕೊಳ್ಳುವುದು ನ್ಯಾಯವಲ್ಲ.

ನಮ್ಮಪ್ಪ ವಿಜಯನಗರದ ಕಾಲದ ಬಸವಣ್ಣ ಕಾಲುವೆಯ ನೀರಿನಲ್ಲಿ ಬಾಳೆ, ಕಬ್ಬು ಬೆಳೆದವರು. 1565ರಲ್ಲಿ ಪಟ್ಟಣ ಹಾಳಾದ ಮೇಲೂ ಅಂಥ ಕಾಲುವೆಗಳನ್ನು ಹೂಳೆತ್ತಿ ಉಳಿಸಿಕೊಂಡವರು ಅವರಂಥ ರೈತರು. ಅವರ ಮಟ್ಟಿಗೆ ವಿಜಯನಗರವನ್ನು ಲಿಸ್ಬನ್ನಿನಿಂದ ಯಾರೂ ಹುಡುಕಿ ತರಬೇಕಾಗಿರಲಿಲ್ಲ. ಹಂಪಿ ಉತ್ಸವದಲ್ಲಿ ಪಾಯಸನ ಆನೆ ಕುದುರೆಗಳು ಪ್ರತಿಸಲ ಬರುತ್ತವೆ. ಒಂದು ಸಲವಾದರೂ ನ್ಯೂನಿಜನ ತೆರಿಗೆಯ ಪುಟವನ್ನು ವೇದಿಕೆಯ ಮೇಲೆ ಗಟ್ಟಿಯಾಗಿ ಓದಲಿ. ಸಾಮ್ರಾಜ್ಯಗಳು ಯಾಕೆ ಬೀಳುತ್ತವೆ ಎಂದು ಮಕ್ಕಳು ಕೇಳಿದರೆ ತಾಳಿಕೋಟೆಯ ಒಂದು ದಿನದ ಕಾಳಗದ ಆಚೆಗೂ ಹೇಳುವುದಕ್ಕೆ ಏನಾದರೂ ಇರುತ್ತದೆ.