ಬೇಸಿಗೆ ಶಿಬಿರಗಳ ಮೌಲ್ಯಮಾಪನದಲ್ಲಿ ಪಾಲಕರ ಅಭಿಪ್ರಾಯ

ಏಪ್ರಿಲ್–ಮೇ ತಿಂಗಳುಗಳ ಶಾಲಾ ರಜೆಯಲ್ಲಿ ಬಡ ಮಕ್ಕಳಿಗಾಗಿ ಉಚಿತ ಶಿಬಿರಗಳನ್ನು ನಡೆಸುವ ಪರಿಪಾಠ ನಮ್ಮ ನಾಡಿನಲ್ಲಿದೆ. ಅವುಗಳಿಂದ ಮಗುವಿಗಾದ ಪ್ರಯೋಜನವನ್ನು ಸಮಾರೋಪದ ಚಪ್ಪಾಳೆಯಿಂದ ಅಳೆಯಲಾಗದು. ಮಗು ಮನೆಗೆ ಏನನ್ನು ತಂದಿತು ಎಂಬುದನ್ನು ಬಲ್ಲವರು ಪಾಲಕರು.

2009ರ ಶಿಕ್ಷಣ ಹಕ್ಕು ಕಾಯ್ದೆಯ 21ನೆಯ ಕಲಮಿನಂತೆ ಸರ್ಕಾರಿ ಶಾಲೆಯ ನಿರ್ವಹಣಾ ಸಮಿತಿಯಲ್ಲಿ ಕನಿಷ್ಠ ನಾಲ್ಕರಲ್ಲಿ ಮೂರು ಪಾಲು ಸದಸ್ಯರು ಪಾಲಕರಿರಬೇಕು. ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು. ಅವಕಾಶವಂಚಿತ ಮಕ್ಕಳ ಪಾಲಕರಿಗೂ ಪ್ರಮಾಣಾನುಸಾರ ಸ್ಥಾನವಿರಬೇಕು. ಉಚಿತ ಶಿಬಿರಕ್ಕೆ ಇಂಥ ನಿಯಮವಿಲ್ಲ. ಆದ್ದರಿಂದ ಆ ಹೊಣೆಯನ್ನು ನಡೆಸುವವರೇ ಹೊರಬೇಕು.

ಗದಗ ತಾಲ್ಲೂಕಿನ ಅಸುಂಡಿಯಂಥ ಗ್ರಾಮದಲ್ಲಿ ಶಿಬಿರ ಹೇಗಾಯಿತೆಂದು ಸಂಘಟಕರೇ ಕೇಳಿದರೆ, “ಭಾಳ ಚಲೋ ಆತ್ರಿ” ಎಂಬ ಉತ್ತರವೇ ಸಹಜ. ಪುಕ್ಕಟೆ ಪಡೆದುದರಲ್ಲಿ ಕೊರತೆ ಹೇಳುವುದು ಕೃತಘ್ನತೆಯೆಂಬ ಸಂಕೋಚ ಅದರ ಹಿಂದಿರುತ್ತದೆ. ಈ ಸಂಕೋಚವನ್ನು ಕಳೆಯದೆ ಸಂಗ್ರಹಿಸಿದ ಅಭಿಪ್ರಾಯ ಕೇವಲ ಹೊಗಳಿಕೆಯಾಗುತ್ತದೆ.

ಅದಕ್ಕಾಗಿ ಕೆಲವು ಕ್ರಮಗಳನ್ನು ಇಲ್ಲಿ ಸೂಚಿಸುತ್ತೇವೆ:

1. ಕೇಳುವವರು ಶಿಬಿರದ ಸಂಘಟಕರಾಗಿರಬಾರದು. ಓದಲು ಬಾರದವರಿಗೆ ನಮೂನೆ ಕೊಡದೆ, ಕೂಲಿಯಿಂದ ಮರಳಿದ ಸಂಜೆ ಮನೆಯಲ್ಲಿಯೇ ಮಾತನಾಡಿಸಬೇಕು.

2. “ಚೆನ್ನಾಗಿತ್ತೆ?” ಎನ್ನದೆ, “ಮಗು ಮನೆಗೆ ಬಂದು ಏನು ಹೇಳಿತು? ಯಾವ ದಿನ ಹೋಗಲು ಒಲ್ಲೆನೆಂದಿತು? ಏಕೆ?” ಎಂದು ಕೇಳಬೇಕು.

3. ಊಟದ ವಿಚಾರವನ್ನು ಬಿಡಬಾರದು. 2024ರ ಬೇಸಿಗೆಯಲ್ಲಿ ರಾಜ್ಯದ ಬರಪೀಡಿತ ತಾಲ್ಲೂಕುಗಳಲ್ಲಿ ರಜೆಯಲ್ಲಿಯೂ ಬಿಸಿಯೂಟ ಮುಂದುವರಿದುದು, ಬಡ ಮಗುವಿಗೆ ರಜೆಯೆಂದರೆ ಒಂದು ಹೊತ್ತಿನ ಊಟದ ನಷ್ಟವೂ ಆಗಬಹುದೆಂಬುದನ್ನು ನೆನಪಿಸುತ್ತದೆ.

4. ತಂದೆ-ತಾಯಿ ದುಡಿಯಲು ಗುಳೆ ಹೋಗಿದ್ದರೆ ಮಗುವನ್ನು ನೋಡಿಕೊಳ್ಳುವ ಅಜ್ಜಿಯೇ ಪಾಲಕಿ, ಅವರನ್ನು ಕೇಳಬೇಕು.

5. ನಡುವೆ ಶಿಬಿರ ಬಿಟ್ಟ ಮಕ್ಕಳ ಮನೆಗೆ ಮೊದಲು ಹೋಗಬೇಕು. ದೂರ, ಬಿಸಿಲು, ತಮ್ಮ-ತಂಗಿಯರನ್ನು ನೋಡಿಕೊಳ್ಳುವ ಹೊರೆ, ಜೊತೆಯವರ ಅವಮಾನದ ಮಾತು: ಕಾರಣ ತಿಳಿಯುವುದು ಅಲ್ಲಿಯೇ.

ಪಾಲಕರ ಮಾತೊಂದೇ ಸಾಲದು. ಶಿಬಿರದೊಳಗೆ ನಡೆದುದನ್ನು ಅವರು ಕಂಡಿರುವುದಿಲ್ಲ. ಹಾಜರಿ ಪುಸ್ತಕವನ್ನೂ ಮಕ್ಕಳ ಮಾತನ್ನೂ ಅದರೊಡನೆ ಹೋಲಿಸಬೇಕು. ಶಿಬಿರ ಮುಗಿದು ಎರಡು ತಿಂಗಳಾದ ಮೇಲೆ ಇನ್ನೊಮ್ಮೆ ಕೇಳಿದರೆ ಉಳಿದುದೇನು, ಅಳಿದುದೇನು ಎಂಬುದು ತಿಳಿಯುತ್ತದೆ.

ಕೊನೆಯದಾಗಿ, ಕೇಳಿದ ಮಾತಿನಿಂದ ಏನು ಬದಲಾಯಿತೆಂಬುದನ್ನು ಮುಂದಿನ ಶಿಬಿರಕ್ಕೆ ಮುನ್ನ ಪಾಲಕರಿಗೆ ತಿಳಿಸಬೇಕು. ದಾಸೋಹದಲ್ಲಿ ನೀಡುವವನು ಮೇಲಲ್ಲ, ಪಡೆಯುವವನು ಕೀಳಲ್ಲ. ಈ ಭಾವ ಶಿಬಿರದಲ್ಲಿಯೂ ಇದ್ದರೆ, ಬಡ ತಾಯಿಯೊಬ್ಬಳು ಅಂಜದೆ ಕೊರತೆಯನ್ನು ಹೇಳಬಲ್ಲಳು.