ರೆಕಾರ್ಡರ್ ನಿಲ್ಲಿಸಿದ ಹೊತ್ತು

ನನ್ನ ಫೋನಿನಲ್ಲಿ ಹತ್ತೊಂಬತ್ತು ಅಜ್ಜಿಯರ ಮಾತಿದೆ. ದಾವಣಗೆರೆಯ ಹತ್ತಿ ಗಿರಣಿಗಳಲ್ಲಿ ದುಡಿದ ಹೆಂಗಸರ ಬಗ್ಗೆ ಪಿಎಚ್.ಡಿ. ಮಾಡುತ್ತಿದ್ದೇನೆ. ಎರಡು ವರ್ಷ ದಾವಣಗೆರೆಯಲ್ಲೂ ಹರಿಹರದಲ್ಲೂ ಮನೆಮನೆ ತಿರುಗಿ ಕೂಡಿಸಿಕೊಂಡ ಮಾತುಗಳಿವು. ಬರೆದುಕೊಳ್ಳಲು ಕೂತಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಹೆಚ್ಚುಕಡಿಮೆ ಎಲ್ಲ ರೆಕಾರ್ಡಿಂಗುಗಳೂ ನಡುವೆ ತುಂಡಾಗಿವೆ. ‘ಒಂದೀಟು ಅದನ್ನ ನಿಲ್ಸು ತಂಗಿ, ಬಂದೆ’ ಅನ್ನುವ ದನಿ, ಆಮೇಲೆ ಹೊಸ ಫೈಲು. ಕೆಲವರದು ಅರ್ಧ ಗಂಟೆಗೊಮ್ಮೆ, ಕೆಲವರದು ಇಪ್ಪತ್ತು ನಿಮಿಷಕ್ಕೇ. ಮಾತು ಕಾವೇರುವ ಹೊತ್ತಿಗೆ ಎದ್ದು ಹೋಗುತ್ತಾರಲ್ಲ ಎಂದು ಮೊದಮೊದಲು ನನಗೆ ಕಿರಿಕಿರಿಯೇ ಆಗುತ್ತಿತ್ತು.

ಹರಿಹರದ ಅಜ್ಜಿಯೊಬ್ಬರು ಒಂದು ದಿನ ಗಿರಣಿಯ ಮೇಸ್ತ್ರಿಯನ್ನು ಅಣಕಿಸಿ ತೋರಿಸುತ್ತ ಜೋರಾಗಿ ನಕ್ಕರು, ನಗು ಕೆಮ್ಮಾಯಿತು. ಥಟ್ಟನೆ ಸುಮ್ಮನಾಗಿ ಸೀರೆಯನ್ನು ಒತ್ತಿ ಹಿಡಿದು ಕೂತರು. ಚಹಾ ಮಾಡುತ್ತೇನೆ ಅಂದಿದ್ದವರು ಏಳಲಿಲ್ಲ. ‘ನೀ ಹೊಂಡು ತಂಗಿ, ಬಸ್ಸು ತಪ್ಪತೈತೆ. ನಾ ಆಮೇಲೆ ಏಳ್ತೀನಿ.’ ಬಸ್ಸಿನಲ್ಲಿ ಕೂತ ಮೇಲೆ ನನಗೆ ಅರ್ಥವಾಯಿತು.

ಮುಂದಿನ ಸಲ ಹೋದಾಗ ಕೇಳಿಯೇಬಿಟ್ಟೆ. ‘ಅದೇನು ರೋಗಾನಾ? ವಯಸ್ಸಾತು, ಅಷ್ಟೆ’ ಅಂದರು. ಆಮೇಲೆ ಉಳಿದವರನ್ನೂ ಕೇಳುತ್ತ ಹೋದೆ. ಉರಿಮೂತ್ರಕ್ಕೆ ಇವರ ಬಾಯಲ್ಲಿ ಹೆಸರಿದೆ, ಉಚ್ಚೆ ಕಟ್ಟುವುದಕ್ಕಿದೆ, ಕಲ್ಲಿಗಿದೆ. ಸೋರುವುದಕ್ಕೆ ಮಾತ್ರ ಹೆಸರಿಲ್ಲ, ವಾಕ್ಯಗಳಿವೆ. ‘ಕೆಮ್ಮಿದ್ರೆ ಆಗಿಬಿಡತೈತೆ.’ ‘ಬಂತು ಅಂದ್ರೆ ಬಂತು, ಬಚ್ಚಲು ಮುಟ್ಟಾಕೆ ಬಿಡಲ್ಲ.’ ವೈದ್ಯರ ಪುಸ್ತಕ ತೆಗೆದು ನೋಡಿದರೆ ಅಲ್ಲಿನ ಎರಡು ಮುಖ್ಯ ವಿಭಾಗಗಳೂ ಇವೇ! ಕೆಮ್ಮು, ಸೀನು, ಭಾರ ಎತ್ತುವುದರಿಂದ ಸೋರುವುದು ಸ್ಟ್ರೆಸ್. ತಡೆಯಲಾಗದ ಅವಸರದಿಂದ ಆಗುವುದು ಅರ್ಜ್. ಎರಡೂ ಸೇರಿದವರೂ ಇದ್ದಾರೆ. ಈ ಅವಸರದ ತೊಂದರೆಗೆ ‘ಓವರ್‌ಆಕ್ಟಿವ್ ಬ್ಲಾಡರ್’ ಎಂಬ ಹೆಸರು ಬಳಕೆಗೆ ಬಂದದ್ದು 1990ರ ದಶಕದ ಕೊನೆಗೆ. ಅಂದರೆ ನಮ್ಮ ಅಜ್ಜಿಯರಿಗೆ ಹೆಸರು ಗೊತ್ತಿಲ್ಲದ್ದು ಅಂಥ ದೊಡ್ಡ ಅಜ್ಞಾನವೇನಲ್ಲ.

ವೇಗಗಳನ್ನು ತಡೆಯಬಾರದೆಂದು ಹೇಳಲು ಚರಕಸಂಹಿತೆ ಸೂತ್ರಸ್ಥಾನದ ಏಳನೆಯ ಅಧ್ಯಾಯವನ್ನೇ ಮೀಸಲಿಟ್ಟಿದೆ. ತಡೆಯಬಾರದ ಹದಿಮೂರರಲ್ಲಿ ಮೊದಲನೆಯದೇ ಮೂತ್ರ. ತಡೆದರೆ ಏನೇನಾಗುತ್ತದೆ ಎಂಬ ಪಟ್ಟಿಯಲ್ಲಿ ಮೂತ್ರಕೋಶದ ನೋವಿನ ಜೊತೆಗೇ ಶಿಶ್ನದ ನೋವು ಬರುತ್ತದೆ. ಬರೆಯುವವನ ಕಣ್ಣೆದುರು ಇದ್ದ ರೋಗಿ ಯಾರೆಂದು ಅಲ್ಲಿಗೆ ತಿಳಿಯಿತು. ಹೆಂಗಸರ ಬದುಕಾದರೋ ತಡೆಯುವುದರಲ್ಲೇ ಕಳೆದಿದೆ. ಬೆಳಕು ಹರಿಯುವ ಮುಂಚೆ ತುಂಗಭದ್ರೆಯ ದಂಡೆಗೆ, ಕತ್ತಲಾದ ಮೇಲೆ ಬೇಲಿಸಾಲಿಗೆ. ನಡುವಿನ ಹನ್ನೆರಡು ತಾಸು ನೀರೇ ಕುಡಿಯದಿರುವುದು. ನನ್ನ ಅಜ್ಜಿಯರೆಲ್ಲ ಇದನ್ನು ಒಂದು ಜಾಣತನವೆಂಬಂತೆ ಹೇಳಿದರು.

ಗಿರಣಿಯಲ್ಲಿ ಹೀಗಾಗಬಾರದಿತ್ತು. 1948ರ ಕಾರ್ಖಾನೆ ಕಾಯ್ದೆಯ 19ನೇ ಸೆಕ್ಷನ್ ಸ್ಪಷ್ಟವಾಗಿತ್ತು: ಶೌಚಾಲಯ, ಮೂತ್ರಾಲಯ ಸಾಕಷ್ಟಿರಬೇಕು, ಹೆಂಗಸರಿಗೆ ಬೇರೆ ಇರಬೇಕು, ಮರೆ ಇರಬೇಕು, ಕೆಲಸದಲ್ಲಿರುವಷ್ಟು ಹೊತ್ತೂ ಕೈಗೆಟುಕುವಂತಿರಬೇಕು. ಕಾಯ್ದೆಯಲ್ಲಿ ಇದ್ದದ್ದಕ್ಕೂ ಮೇಸ್ತ್ರಿಯ ಮುಖ ನೋಡಿ ಕೇಳಬೇಕಿದ್ದದ್ದಕ್ಕೂ ನಡುವೆ ಎಷ್ಟು ದೂರ ಎನ್ನುವುದು ಯಾವ ಕಡತದಲ್ಲೂ ನನಗೆ ಸಿಗಲಿಲ್ಲ.

ಅದೇ 1948ರಲ್ಲಿ ಲಾಸ್ ಏಂಜಲೀಸಿನ ಸ್ತ್ರೀರೋಗತಜ್ಞ ಆರ್ನಾಲ್ಡ್ ಕೆಗೆಲ್ ಒಂದು ಲೇಖನ ಪ್ರಕಟಿಸಿದ. ಹೆರಿಗೆಯಿಂದ ಸಡಿಲವಾದ ತಳದ ಸ್ನಾಯುಗಳನ್ನು ವ್ಯಾಯಾಮದಿಂದ ಗಟ್ಟಿಮಾಡಬಹುದು, ಸೋರುವ ಎಷ್ಟೋ ಹೆಂಗಸರಿಗೆ ಕತ್ತಿ ಬೇಕಿಲ್ಲ ಎಂಬುದು ಅವನ ವಾದ. ಯಾವ ಸ್ನಾಯುವನ್ನು ಬಿಗಿಯಬೇಕೆಂಬುದು ತಿಳಿಯದೆ ಹೆಂಗಸರು ಹೊಟ್ಟೆಯನ್ನೋ ತೊಡೆಯನ್ನೋ ಬಿಗಿಯುತ್ತಿದ್ದರು. ಅದಕ್ಕೆ ಒತ್ತಡ ಅಳೆದು ತೋರಿಸುವ ಪೆರಿನಿಯೋಮೀಟರ್ ಎಂಬ ಉಪಕರಣವನ್ನೂ ಮಾಡಿದ್ದ. ಅದಕ್ಕೂ ನೂರು ವರ್ಷ ಹಿಂದೆ ಅಮೆರಿಕದ ಅಲಬಾಮಾದಲ್ಲಿ ಮೇರಿಯನ್ ಸಿಮ್ಸ್ ಎಂಬವನು, ಹೆರಿಗೆಯಲ್ಲಿ ಮೂತ್ರಕೋಶ ತೂತಾಗಿ ಸದಾ ಸೋರುತ್ತಿದ್ದ ಗುಲಾಮ ಹೆಂಗಸರ ಮೇಲೆ ಅರಿವಳಿಕೆ ಇಲ್ಲದೆ ಮತ್ತೆ ಮತ್ತೆ ಶಸ್ತ್ರಚಿಕಿತ್ಸೆ ನಡೆಸಿ ಹೊಲಿಗೆಯ ವಿಧಾನ ಕಂಡುಕೊಂಡಿದ್ದ. ಅನಾರ್ಕಾ, ಬೆಟ್ಸಿ, ಲೂಸಿ ಎಂಬ ಮೂರು ಹೆಸರು ಮಾತ್ರ ಉಳಿದಿವೆ. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿದ್ದ ಅವನ ಪ್ರತಿಮೆಯನ್ನು 2018ರಲ್ಲಿ ತೆಗೆದರು.

ಮಾತ್ರೆಗಳು ಬಂದದ್ದು ತಡವಾಗಿ. ಆಕ್ಸಿಬ್ಯುಟಿನಿನ್‌ಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 1975ರಲ್ಲಿ. ಅದು ಅವಸರ ತಗ್ಗಿಸುತ್ತದೆ, ಜೊತೆಗೆ ಬಾಯಿ ಒಣಗಿಸುತ್ತದೆ, ಮಲ ಕಟ್ಟಿಸುತ್ತದೆ, ವಯಸ್ಸಾದವರಲ್ಲಿ ಮನಸ್ಸಿಗೆ ಮಂಕು ಕವಿಸಲೂಬಹುದು. ಮಿರಾಬೆಗ್ರಾನ್ 2012ರದು, ಅದರಲ್ಲಿ ಈ ತೊಂದರೆ ಕಡಿಮೆ, ಆದರೆ ರಕ್ತದೊತ್ತಡದ ಮೇಲೆ ಕಣ್ಣಿಡಬೇಕು. ಕೆಮ್ಮಿದರೆ ಸೋರುವುದಕ್ಕೆ 1990ರ ದಶಕದಲ್ಲಿ ಸ್ವೀಡನ್ನಿನ ಉಲ್ಫ್ ಉಲ್ಮ್‌ಸ್ಟೆನ್ ರೂಪಿಸಿದ ಪಟ್ಟಿಯ ಶಸ್ತ್ರಚಿಕಿತ್ಸೆಯಿದೆ. ಇಷ್ಟೆಲ್ಲ ಬಂದ ಮೇಲೂ ವೈದ್ಯರು ಮೊದಲು ಹೇಳುವುದು ಕೆಗೆಲ್‌ನ ಬಿಟ್ಟಿ ವ್ಯಾಯಾಮವನ್ನೇ.

ದಾವಣಗೆರೆಗೆ ಜೆ.ಜೆ.ಎಂ. ವೈದ್ಯಕೀಯ ಕಾಲೇಜು ಬಂದದ್ದು 1965ರಲ್ಲಿ. ಹರಿಹರದಿಂದ ಹದಿನಾಲ್ಕು ಕಿಲೋಮೀಟರ್ ಅಷ್ಟೆ. ನನ್ನ ಅಜ್ಜಿಯರು ಮಗಳ ಬಾಣಂತನಕ್ಕೆ, ಕಣ್ಣಿನ ಪೊರೆಗೆ ಎಂದು ಊರಿನ ದೊಡ್ಡಾಸ್ಪತ್ರೆಗಳನ್ನು ಕಂಡವರೇ. ಇದಕ್ಕಾಗಿ ಒಬ್ಬರೂ ಹೋಗಿರಲಿಲ್ಲ. ಹರಿಹರದ ಅಜ್ಜಿಗಂತೂ ಆ ಬಸ್ಸಿನ ಪ್ರಯಾಣವೇ ಭಯ. ಮೊಮ್ಮಗಳ ಮದುವೆಗೂ ಹೋಗಿರಲಿಲ್ಲ, ಮಂಡಿನೋವು ಅಂದಿದ್ದರಂತೆ.

ನಾನೇ ಕರೆದುಕೊಂಡು ಹೋದೆ. ಡಾಕ್ಟರಮ್ಮ ಮೊದಲು ಮೂತ್ರ, ಸಕ್ಕರೆ ಪರೀಕ್ಷೆ ಮಾಡಿಸಿದರು, ಸೋಂಕೂ ಸಕ್ಕರೆ ಕಾಯಿಲೆಯೂ ಹೀಗೇ ಕಾಡುತ್ತವೆ ಅಂದರು. ಎಷ್ಟು ಹೆರಿಗೆ ಎಂದು ಕೇಳಿದರು. ಆರು. ಕೆಮ್ಮು ಎಷ್ಟು ವರ್ಷದಿಂದ? ‘ಗಿರಣಿಗೆ ಹೋದಾಗಿಂದ.’ ನಾನು ಬರೆದುಕೊಳ್ಳುವುದನ್ನು ನಿಲ್ಲಿಸಿದೆ. ಹತ್ತಿಯ ಧೂಳು ಶ್ವಾಸಕೋಶಕ್ಕೆ ಮಾಡುವ ಹಾನಿಯ ಬಗ್ಗೆ ನನ್ನ ಪ್ರಬಂಧದಲ್ಲಿ ಅರ್ಧ ಅಧ್ಯಾಯವೇ ಇದೆ. ವರ್ಷಗಟ್ಟಲೆಯ ಕೆಮ್ಮು ಪ್ರತಿಸಲವೂ ಹೊಟ್ಟೆಯ ತಳವನ್ನು ಕೆಳಕ್ಕೆ ತಳ್ಳುತ್ತದೆ ಅನ್ನುವುದು ಮಾತ್ರ ನನಗೆ ಹೊಳೆದಿರಲೇ ಇಲ್ಲ.

ನೀರು ಬಿಡಬೇಡಿ, ಚಹಾ ಕಡಿಮೆ ಮಾಡಿ, ನೀರು ಕಡಿಮೆಯಾದರೆ ಮೂತ್ರ ಗಟ್ಟಿಯಾಗಿ ಅವಸರ ಇನ್ನೂ ಹೆಚ್ಚುತ್ತದೆ ಎಂದರು ಡಾಕ್ಟರಮ್ಮ. ಒಂದಕ್ಕೆ ಹೋಗುವ ನಡುವಿನ ಹೊತ್ತನ್ನು ವಾರವಾರಕ್ಕೆ ಸ್ವಲ್ಪಸ್ವಲ್ಪ ಹಿಗ್ಗಿಸಲು ಹೇಳಿದರು. ವಾಯು ತಡೆಯುವಾಗ ಬಿಗಿಯುವ ಸ್ನಾಯುವನ್ನೇ ಬಿಗಿದು ಐದು ಎಣಿಸಿ ಬಿಡಬೇಕು. ಹತ್ತು ಸಲ, ದಿನಕ್ಕೆ ಮೂರು ಹೊತ್ತು, ಮೂರು ತಿಂಗಳು. ‘ಎಣಿಸೋದು ನನಗೆ ಹೇಳಿಕೊಡಬೇಕಾ? ದಿನಕ್ಕೆ ಎಷ್ಟು ಕಂಡಿಕೆ ಎಣಿಸೀನಿ’ ಅಂದರು ಅಜ್ಜಿ.

ಮೂರು ತಿಂಗಳಾದ ಮೇಲೆ ಮಾಡಿದ ರೆಕಾರ್ಡಿಂಗ್ ಐವತ್ತೆರಡು ನಿಮಿಷದ್ದು. ಪೂರ್ತಿ ನಿಂತಿಲ್ಲ, ಆದರೆ ಅವಸರಕ್ಕೆ ಎದ್ದು ಓಡುವುದು ತಪ್ಪಿದೆ ಎನ್ನುತ್ತಾರೆ. ಗಿರಣಿಯಲ್ಲಿ ಒಂದಕ್ಕೆ ಹೋಗಬೇಕಾದರೆ ಮೇಸ್ತ್ರಿಯ ಹತ್ತಿರ ಮರದ ಬಿಲ್ಲೆ ಇಸಿದುಕೊಳ್ಳಬೇಕಿತ್ತಂತೆ. ಇಡೀ ಖಾತೆಗೆ ಎರಡೇ ಬಿಲ್ಲೆ. ಗಂಡಸರೆದುರು ಅದನ್ನು ಕೇಳಲಾರದೆ ಬಸುರಿಯಾಗಿದ್ದಾಗಲೂ ಸಂಜೆಯವರೆಗೆ ತಡೆದದ್ದನ್ನು ಅವರು ಹೇಳಿದ್ದು ಅವತ್ತೇ. ಹಿಂದಿನ ನಾಲ್ಕು ಭೇಟಿಯಲ್ಲಿ ಅದರ ಸುಳಿವೂ ಇರಲಿಲ್ಲ.

ಅಧ್ಯಾಯದ ಕರಡಿನ ಅಂಚಿನಲ್ಲಿ ನನ್ನ ಮಾರ್ಗದರ್ಶಕರು ‘ಇದು ಇತಿಹಾಸವೇ?’ ಎಂದು ಪೆನ್ಸಿಲಿನಲ್ಲಿ ಬರೆದಿದ್ದಾರೆ. ಬಿಲ್ಲೆಯ ಭಾಗವನ್ನು ಹಾಗೇ ಬಿಟ್ಟಿದ್ದೇನೆ. ಅನುಬಂಧದಲ್ಲಿ ಹತ್ತೊಂಬತ್ತು ಸಂದರ್ಶನಗಳಲ್ಲಿ ಯಾವ್ಯಾವ ನಿಮಿಷಕ್ಕೆ ಮಾತು ನಿಂತಿತು ಎಂಬುದನ್ನೂ ಸೇರಿಸಿದ್ದೇನೆ.