ಪುಸ್ತಕದಲ್ಲಿ ಮೂರು ರೂಪಾಯಿಯ ಲೇತ್

1/4
ಬಿಕಾಂನವರೇ, ಒಂದು ಲೆಕ್ಕ ಮಾಡಿ. 10,000 ರೂಪಾಯಿಯ ಮಷಿನ್, ವರ್ಷಕ್ಕೆ 15% ಡಿಪ್ರಿಸಿಯೇಶನ್, ರಿಟನ್ ಡೌನ್ ವ್ಯಾಲ್ಯೂ ಮೆಥಡ್. 10 ವರ್ಷ ಆದಾಗ 1,969 ರೂಪಾಯಿ ಉಳೀತದೆ. 50 ವರ್ಷ ಆದಾಗ? ಹೆಚ್ಚುಕಮ್ಮಿ 3 ರೂಪಾಯಿ. ಒಂದು ಚಾ ಕೂಡ ಬರುವುದಿಲ್ಲ.

ಆದರೆ ಅಂಥ 50 ವರ್ಷ ಹಳೆಯ ಲೇತ್ ಒಂದನ್ನು ತಗೊಳ್ಳಲಿಕ್ಕೆ ನಮ್ಮ ಮಾಮ ಅತ್ತೆಯ ಬಳೆ ಅಡವಿಡ್ಲಿಕ್ಕೆ ಹೊರಟಿದ್ದಾರೆ. ಮಾಮನದ್ದು ಬೈಕಂಪಾಡಿಯಲ್ಲಿ ಸಣ್ಣ ಲೇತ್ ಅಂಗಡಿ. ಜೂನ್ 1ರಿಂದ ಜುಲೈ 31ರ ತನಕ ಟ್ರಾಲ್ ಬೋಟ್‌ಗಳಿಗೆ ರಜೆ ಅಲ್ವಾ, ಆಗ ದಕ್ಕೆಯಿಂದ ಬೋಟಿನ ಶಾಫ್ಟ್, ಬುಷ್ ಕೆಲಸ ಬರ್ತದೆ. ಇರುವ ಒಂದು ಲೇತ್ ಸಾಕಾಗುವುದಿಲ್ಲ, ಹೊಸತಕ್ಕೆ ದುಡ್ಡಿಲ್ಲ. ಹಾಗಾಗಿ ಈ ಸೀರೀಸ್. ಹಳೇ ಲೇತಿನ ಬೆಲೆ ಹೇಗೆ ಕಟ್ಟುವುದು ಅಂತ ಹುಡುಕ್ತಾ ಹೋದರೆ, ನಮ್ಮ ರಾಜ್ಯದ ಚರಿತ್ರೆಯೇ ಸಿಕ್ಕಿತು ಮಾರ್ರೆ.

2/4
ಲೇತ್ ಗೊತ್ತಿಲ್ಲದವರಿಗೆ: ಕಬ್ಬಿಣದ ತುಂಡನ್ನು ಚಕ್‌ನಲ್ಲಿ ಕಚ್ಚಿಸಿ ತಿರುಗಿಸುವುದು, ಟೂಲ್ ಅದರ ಪಕ್ಕದಲ್ಲಿ ಸರೀತಾ ಹೋಗಿ ಸಿಪ್ಪೆ ತೆಗೆಯುವುದು. ಟೂಲ್ ಕೂತ ಕ್ಯಾರೇಜ್ ಓಡಾಡುವ ಉದ್ದದ ಹಳಿಯೇ ಬೆಡ್. ಬೇರೆ ಮಷಿನ್‌ಗಳ ಬಿಡಿಭಾಗ ಮಾಡುವ ಮಷಿನ್ ಇದು. ಇದಿಲ್ಲದಿದ್ದರೆ ಫ್ಯಾಕ್ಟರಿ ರಿಪೇರಿಯೇ ಇಲ್ಲ.

ಮಂಗಳೂರಿಗೆ ಫ್ಯಾಕ್ಟರಿ ಬೇಗ ಬಂತು. ಬಾಸೆಲ್ ಮಿಷನ್‌ನ ಪ್ಲೆಬ್ಸ್ಟ್ 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದರು. ಹಂಚು ಒತ್ತುವ ಪ್ರೆಸ್ ಇದ್ದಲ್ಲಿ ಅದನ್ನು ರಿಪೇರಿ ಮಾಡುವವರೂ ಬೇಕು, ಮಿಷನ್‌ನವರದ್ದೇ ಮೆಕ್ಯಾನಿಕಲ್ ವರ್ಕ್‌ಶಾಪ್ ಕೂಡ ಇಲ್ಲಿತ್ತು. ನಮ್ಮ ಊರಿನ ಕಥೆ ಹೇಳುವಾಗ ಎಲ್ಲರೂ ಹಂಚು ಅಂತಾರೆ, ಆ ಪ್ರೆಸ್‌ಗಳನ್ನು ನಡೆಸಿದ ಫಿಟ್ಟರ್, ಟರ್ನರ್‌ಗಳ ಬಗ್ಗೆ ಯಾರೂ ಹೇಳುವುದಿಲ್ಲ. ನನಗೆ ಅದೊಂದು ಸಿಟ್ಟು ಉಂಟು.

ಆದರೆ ಲೇತನ್ನೇ ನಮ್ಮಲ್ಲಿ ಮಾಡುವುದು ತುಂಬಾ ತಡ. ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟು, ಆಮೇಲೆ ಕಬ್ಬಿಣದ ನೇಗಿಲು ಮಾಡಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಅವರ ಬಳಗ 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಂಪೆನಿ ಕಟ್ಟಿತು. ಇಸವಿ ಗಮನಿಸಿ. ಎರಡನೇ ಮಹಾಯುದ್ಧ. ಹೊರಗಿನಿಂದ ಮಷಿನ್ ಬರುವುದು ಕಷ್ಟ ಆಗಿದ್ದ ಕಾಲ. 1953ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಎಚ್‌ಎಂಟಿ ಬಂತು, ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪೆನಿಯ ಜೊತೆಗೂಡಿ. ಅಜ್ಜನ ಕೈಯಲ್ಲಿದ್ದ ಎಚ್‌ಎಂಟಿ ವಾಚು ನಿಮಗೆ ಗೊತ್ತು. ವಾಚು ಶುರುವಾದದ್ದು 1961ರಲ್ಲಿ, ಲೇತ್ ಅದಕ್ಕಿಂತ ಮೊದಲು. ಹೆಸರಿನಲ್ಲೇ ಉಂಟಲ್ಲ, ಹಿಂದುಸ್ತಾನ್ ಮಷಿನ್ ಟೂಲ್ಸ್!

ಹರಿಹರದ ಕಾರ್ಖಾನೆ ಈಗ ಇಲ್ಲ, ಬಾಗಿಲು ಹಾಕಿ ಎರಡು ದಶಕ ದಾಟಿತು. ಅಲ್ಲಿನ ಲೇತ್‌ಗಳು ಮಾತ್ರ ಇನ್ನೂ ತಿರುಗ್ತಾ ಉಂಟು. ಮಾಮ ನೋಡಿಟ್ಟದ್ದೂ ಒಂದು ಕಿರ್ಲೋಸ್ಕರ್.

3/4
ಈಗ ನೋಡುವ ಕ್ರಮ. (ಇದು ಉದ್ದ ಆಯ್ತು, ಸೇವ್ ಮಾಡಿಟ್ಕೊಳ್ಳಿ.)

ಹೆಸರಿನ ಪ್ಲೇಟ್ ನೋಡಿ ಮರುಳಾಗ್ಬೇಡಿ. ಪ್ಲೇಟ್ ಅಂದ್ರೆ ನಾಲ್ಕು ಸ್ಕ್ರೂ, ಬಿಚ್ಚಿ ಬೇರೆಯದಕ್ಕೆ ಹಾಕಿದ್ರೆ ಆಯ್ತು. ರಾಜ್‌ಕೋಟ್, ಲೂಧಿಯಾನ, ಬಟಾಲಾದಲ್ಲೂ ಲೇತ್ ತಯಾರಾಗ್ತದೆ, ಅದರಲ್ಲಿ ಒಳ್ಳೆಯದೂ ಉಂಟು. ಹೊಸ ಹಸಿರು ಪೇಂಟ್ ಕಂಡರೆ ನಾನಂತೂ ಇನ್ನೂ ಸಂಶಯ ಪಡ್ತೇನೆ. ನಮ್ಮ ಕಡಲ ಗಾಳಿಗೆ ಹತ್ತಿದ ತುಕ್ಕು ಅದರ ಅಡಿಯಲ್ಲಿ ಇರಬಹುದು.

ಬೆಡ್ ಸುಳ್ಳು ಹೇಳುವುದಿಲ್ಲ. ಬುಷ್, ಪಿನ್‌ನಂಥ ಸಣ್ಣ ಸಾಮಾನೇ ಮಾಡಿದ ಅಂಗಡಿಯ ಲೇತ್ ಆದರೆ ಚಕ್‌ನ ಹತ್ತಿರದ ಒಂದೂವರೆ ಅಡಿ ಮಾತ್ರ ಸವೆದಿರ್ತದೆ, ಆಚೆ ತುದಿ ಹೊಸತರ ಹಾಗೆ. ಉದ್ದುದ್ದ ಶಾಫ್ಟ್ ಮಾಡಿದ್ದರೆ ಉದ್ದಕ್ಕೂ ಸವೆದಿರ್ತದೆ. ಗೊತ್ತಾಗುವುದು ಹೇಗೆ? ಕ್ಯಾರೇಜನ್ನು ಚಕ್‌ನ ಹತ್ತಿರ ತಂದು ಅದರ ಲಾಕ್ ಬೋಲ್ಟನ್ನು ಸ್ವಲ್ಪ ಬಿಗಿ ಮಾಡಿ, ಆಚೆ ತುದಿಗೆ ತಿರುಗಿಸ್ತಾ ಹೋಗಿ. ಒಂದು ಕಡೆ ಬಂದು ಜಾಮ್ ಆದರೆ, ಅಲ್ಲಿ ಬೆಡ್ ಸವೆದಿಲ್ಲ, ಈಚೆ ಸವೆದಿದೆ ಅಂತ ಅರ್ಥ. ಆ ಲೇತ್ ಹಿಂದೆ ಎಂಥ ಅಂಗಡಿಯಲ್ಲಿತ್ತು ಅಂತ ಬ್ರೋಕರ್ ಹೇಳುವ ಕಥೆ ಇದಕ್ಕೆ ತಾಳೆ ಆಗ್ತದಾ ನೋಡಿ.

ಸ್ಪಿಂಡಲ್‌ಗೆ ಡಯಲ್ ಗೇಜ್ ಇಟ್ಟು, ಚಕ್‌ನ ಅಡಿಗೆ ಮರದ ತುಂಡು ಕೊಟ್ಟು ಮೇಲೆತ್ತಿ. ಮುಳ್ಳು ಜಾಸ್ತಿ ಆಡಿದರೆ ಬೇರಿಂಗ್ ಹೋಗಿದೆ. ಗ್ಯಾಪ್ ಬೆಡ್ ಆದರೆ ಗ್ಯಾಪ್ ಪೀಸ್ ಕೇಳಿ, ಯಾವಾಗಲೋ ಬಿಚ್ಚಿ ಮೂಲೆಗೆ ಹಾಕಿದ್ದು ಎಷ್ಟೋ ಕಡೆ ಗುಜರಿಗೆ ಹೋಗಿರ್ತದೆ. ಕಡೆಗೆ ಕರೆಂಟ್ ಹಾಕಿಸಿ, ಆರು ಇಂಚಿನ ರಾಡ್ ಕಚ್ಚಿಸಿ, ಟೈಲ್‌ಸ್ಟಾಕ್ ಆಸರೆ ಇಲ್ಲದೆ ಸಣ್ಣ ಕಟ್ ತೆಗೆದು ಎರಡೂ ತುದಿಗೆ ಮೈಕ್ರೋಮೀಟರ್ ಹಿಡೀರಿ. ಎರಡು ಅಳತೆಯ ವ್ಯತ್ಯಾಸ ಎಷ್ಟೋ, ಚೌಕಾಶಿ ಅಷ್ಟು. ಕರೆಂಟ್ ಇಲ್ಲ, ಆಮೇಲೆ ನೋಡುವ ಅಂತ ಹೇಳಿದರೆ ಅಡ್ವಾನ್ಸ್ ಕೊಡ್ಬೇಡಿ.

4/4
ನನಗೆ ಎಲ್ಲಕ್ಕಿಂತ ಖುಷಿ ಕೊಟ್ಟದ್ದು ಒಂದು ಗೇರ್.

ಲೇತಿನ ಮುಂದೆ ಉದ್ದಕ್ಕೂ ಇರುವ ಸ್ಕ್ರೂ, ಲೀಡ್ ಸ್ಕ್ರೂ, ಅದಕ್ಕೆ ಸ್ಕೇಲ್ ಹಿಡೀರಿ. ಒಂದು ಇಂಚಿಗೆ ಸರಿಯಾಗಿ ನಾಲ್ಕು ಥ್ರೆಡ್ ಬಂದರೆ ಅದು ಇಂಚಿನ ಲೇತ್. ಬ್ರಿಟಿಷರ ಅಳತೆ. ನಮ್ಮ ದೇಶದಲ್ಲಿ ಮೆಟ್ರಿಕ್ ಕಾನೂನು ಬಂದದ್ದು 1956ರಲ್ಲಿ, ನಯಾ ಪೈಸೆ 1957ರಲ್ಲಿ. ಸೇರು, ಮಣ, ಆಣೆ ಎಲ್ಲ ಹೋಯ್ತು. ಆದರೆ ಎರಕದ ಕಬ್ಬಿಣದ ಮಷಿನನ್ನು ಆಣೆಯ ಹಾಗೆ ವಾಪಸ್ ತಗೊಂಡು ಕರಗಿಸ್ಲಿಕ್ಕೆ ಆಗ್ತದಾ? ಅವು ಹಾಗೇ ಉಳಿದವು. ಆಮೇಲೂ ಎಷ್ಟೋ ವರ್ಷ ಇಂಚಿನ ಸ್ಕ್ರೂ ಹಾಕಿಯೇ ಲೇತ್ ಮಾಡ್ತಿದ್ದರು, ಹಾಗಾಗಿ ಸ್ಕ್ರೂ ನೋಡಿ ವಯಸ್ಸು ಹೇಳ್ಲಿಕ್ಕೆ ಹೋಗ್ಬೇಡಿ.

ಇಂಚಿನ ಲೇತ್‌ನಲ್ಲಿ ಮಿಲಿಮೀಟರ್ ಥ್ರೆಡ್ ಕರೆಕ್ಟಾಗಿ ಬರಬೇಕಾದರೆ 127 ಹಲ್ಲಿನ ಗೇರ್ ಬೇಕು. ಯಾಕೆ 127? ಒಂದು ಇಂಚು ಅಂದರೆ 25.4 ಮಿಲಿಮೀಟರ್, ಅದರ ಐದು ಪಟ್ಟು 127. ಅದು ಪ್ರೈಮ್ ನಂಬರ್ ಬೇರೆ, ಸಣ್ಣ ಗೇರ್‌ಗಳನ್ನು ಹೇಗೆ ಜೋಡಿಸಿದರೂ ಆ ಲೆಕ್ಕ ಪೂರ್ತಿ ಕೂಡುವುದಿಲ್ಲ. ಲಂಡನ್ನಿನ ಅಳತೆಯಿಂದ ದೆಹಲಿಯ ಅಳತೆಗೆ ದಾಟಲಿಕ್ಕೆ ಇರುವ ಸಂಕ ಆ ಒಂದು ಚಕ್ರ! ಅದಿಲ್ಲದಿದ್ದರೆ ಇವತ್ತಿನ ಮಿಲಿಮೀಟರ್ ಬೋಲ್ಟಿನ ಕೆಲಸ ಬಂದಾಗ ಮಾಮ ಗಿರಾಕಿಯನ್ನು ವಾಪಸ್ ಕಳಿಸ್ಬೇಕು.

ಮಾಮ ನೋಡಿಟ್ಟ ಲೇತಿನ ಬೆಡ್ ಚೆನ್ನಾಗುಂಟು, ಚಕ್ ಹತ್ತಿರ ಸ್ವಲ್ಪ ಸವೆದಿದೆ ಅಷ್ಟೆ. ಸ್ಪಿಂಡಲ್ ಗಟ್ಟಿ. ಗೇರ್‌ಗಳ ಡಬ್ಬದಲ್ಲಿ 127ರದ್ದು ಮಾತ್ರ ಇಲ್ಲ. ಮಾರುವವರು, "ಅದು ಎಂತಕ್ಕೆ, ಗುಜರಿಗೆ ಕೊಟ್ಟೆವು" ಅಂದರಂತೆ. ಮಾಮ ಅದನ್ನೇ ಹಿಡ್ಕೊಂಡು ರೇಟ್ ಇಳಿಸಿದ್ದಾರೆ, ಅತ್ತೆಯ ನಾಲ್ಕು ಬಳೆಯಲ್ಲಿ ಎರಡು ಕೈಯಲ್ಲೇ ಉಳೀತದೆ. ಹೊಸ ಗೇರ್ ಮಾಡಿಸ್ಲಿಕ್ಕೆ ಆಗ್ತದೆ, ಆದರೆ ಖರ್ಚು ಉಂಟು, ಮಳೆಗಾಲ ಹತ್ತಿರ ಬಂತು.

ನಿಮ್ಮ ಮನೆಯಲ್ಲಿ, ಅಜ್ಜನ ಶೆಡ್‌ನಲ್ಲಿ, ಮುಚ್ಚಿದ ಹಂಚಿನ ಕಾರ್ಖಾನೆಯವರ ಪೈಕಿ ಯಾರಲ್ಲಾದರೂ ಹಳೇ ಲೇತಿನ ಗೇರ್‌ಗಳು ಇದ್ದರೆ ಹಲ್ಲು ಎಣಿಸಿ ನೋಡಿ, ಒಂದು ಹಲ್ಲಿಗೆ ಸೀಮೆಸುಣ್ಣದ ಗುರುತು ಹಾಕಿ ಅಲ್ಲಿಂದ ಶುರು ಮಾಡಿ. 127 ಬಂದರೆ ನನಗೆ ಡಿಎಂ ಮಾಡಿ. ಗುಜರಿಯವರು ಕೊಡುವುದಕ್ಕಿಂತ ಜಾಸ್ತಿ ಕೊಡ್ತೇವೆ.